ಸಾಕುಪ್ರಾಣಿ ಕಳೆದುಕೊಂಡವರ ಜೊತೆ ಕೂತು ಕಲಿತಿದ್ದು

ಶಿರಸಿಯಲ್ಲಿ ನಾವು ಕೆಲವರು ತಿಂಗಳಿಗೊಮ್ಮೆ ಸೇರುತ್ತೇವೆ. ನಾಯಿ, ಬೆಕ್ಕು, ದನ ಕಳೆದುಕೊಂಡವರು ಬರುತ್ತಾರೆ. ಯಾರದ್ದಾದರೂ ಮನೆಯ ಜಗುಲಿ, ಒಂದು ಲೋಟ ಚಹಾ, ಅಷ್ಟೇ. ಕುಮಟಾ, ಕಾರವಾರದ ಕಡೆಯವರಿಗೆ ಮಳೆಗಾಲದಲ್ಲಿ ಘಟ್ಟ ಹತ್ತಿ ಬರೋದು ಕಷ್ಟ. ಅವರು ಫೋನಿನಲ್ಲೇ ಸೇರಿಕೊಳ್ಳುತ್ತಾರೆ. ನಮ್ಮೂರಲ್ಲೂ ಹೀಗೊಂದು ಮಾಡಬಹುದಾ ಅಂತ ಕೇಳಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮಲ್ಲಿ ನಿಯಮ ಅಂತ ಇರೋದು ಒಂದೇ. 'ಇನ್ನೊಂದು ಮರಿ ತಂದ್ಕೊಳ್ಳಿ' ಅನ್ನಬಾರದು. ಆ ಮಾತನ್ನು ನೆಂಟರು, ನೆರೆಮನೆಯವರು ಆಗಲೇ ಹೇಳಿ ಮುಗಿಸಿರುತ್ತಾರೆ.

ಬಂದವರಲ್ಲಿ ಅಳುವಿಗಿಂತ ಜಾಸ್ತಿ ಕಾಣೋದು 'ನನ್ನಿಂದಲೇ ಹೋಯ್ತು' ಅನ್ನುವ ಕೊರಗು. ನಮ್ಮ ಕಡೆ ಕಾಡಂಚಿನ ಮನೆಗಳಲ್ಲಿ ಚಿರತೆ ನಾಯಿಯನ್ನು ಹೊತ್ತೊಯ್ಯೋದು ಹೊಸತಲ್ಲ. ಕಟ್ಟಿಹಾಕಿದ್ದವರು 'ಬಿಟ್ಟಿದ್ದರೆ ಓಡಿ ತಪ್ಪಿಸಿಕೊಳ್ಳುತ್ತಿತ್ತು' ಅನ್ನುತ್ತಾರೆ. ಬಿಟ್ಟಿದ್ದವರು 'ಕಟ್ಟಿದ್ದರೆ ಉಳಿಯುತ್ತಿತ್ತು' ಅನ್ನುತ್ತಾರೆ. ಇಬ್ಬರನ್ನೂ ಒಂದೇ ದಿನ ಅಕ್ಕಪಕ್ಕ ಕೂರಿಸಿದರೆ ಸಾಕು, ನಾನು ಬಾಯಿ ಬಿಡಬೇಕಾಗಿಯೇ ಇಲ್ಲ. ಒಬ್ಬರ ಮಾತು ಕೇಳಿ ಇನ್ನೊಬ್ಬರು ತಲೆ ಎತ್ತಿ ನೋಡುತ್ತಾರೆ.

ಹೀಗೆ ಹೋದ ನಾಯಿಯನ್ನು ಹೂಳೋದಕ್ಕೂ ಆಗೋದಿಲ್ಲ, ದೇಹವೇ ಸಿಗೋದಿಲ್ಲವಲ್ಲ. ಎಲ್ಲೋ ಬದುಕಿರಬಹುದು ಅಂತ ರಾತ್ರಿಯಿಡೀ ಅಂಗಳದ ಲೈಟು ಹಾಕಿಡುವವರಿದ್ದಾರೆ. ಅಂಥವರಿಗೆ ನಾನು ಹೇಳೋದು, ಉಳಿದಿರುವ ಬೆಲ್ಟನ್ನೋ ತಟ್ಟೆಯನ್ನೋ ತೋಟದಂಚಿಗೆ ಹೂತು ಮೇಲೊಂದು ಗಿಡ ನೆಡಿ ಅಂತ. ಕೆಲವರಿಗೆ ಇದು ಹುಚ್ಚು ಅನ್ನಿಸುತ್ತದೆ. ನೆಟ್ಟವರು ಮಾತ್ರ ಹಾಗೆ ಹೇಳಿದ್ದು ನಾನು ಕೇಳಿಲ್ಲ.

ಕಾಯಿಲೆಯಿಂದ ಹೋದ ಪ್ರಾಣಿಗಳ ಕಥೆ ಬೇರೆ. ಅಲ್ಲಿ ಸುಮ್ನೆ ಸಮಾಧಾನ ಹೇಳಿದರೆ ಆಗೋದಿಲ್ಲ. ಆಗಾಗ ಪಶುವೈದ್ಯರೊಬ್ಬರನ್ನು ಕರೆಯುತ್ತೇವೆ. ಬೆಕ್ಕಿನ ಕಿಡ್ನಿ ಮುಕ್ಕಾಲು ಭಾಗದಷ್ಟು ಕೆಡುವವರೆಗೂ ಹೊರಗೆ ಏನೂ ಗೊತ್ತಾಗದಿರಬಹುದು. ಪಾರ್ವೋ ಅನ್ನುವ ವೈರಸ್ ಕಾಯಿಲೆ ಬಂದ ನಾಯಿಮರಿ ಚಿಕಿತ್ಸೆ ಕೊಟ್ಟರೂ ಸಾಯಬಹುದು. ಇದು ಗೊತ್ತಾದರೆ 'ನಾನು ಮೊದಲೇ ನೋಡಬೇಕಿತ್ತು' ಅನ್ನೋದರ ಭಾರ ಸ್ವಲ್ಪ ಇಳಿಯುತ್ತದೆ. ದಯಾಮರಣದ ಇಂಜೆಕ್ಷನ್ ಕೊಡಿಸಿದವರು ಕೇಳುವ ಪ್ರಶ್ನೆ ಒಂದೇ: ನೋವಾಯ್ತಾ? ಮೊದಲು ಪ್ರಜ್ಞೆ ಹೋಗುತ್ತದೆ, ಉಸಿರು ಮತ್ತು ಹೃದಯ ನಿಲ್ಲೋದು ಆಮೇಲೆ ಅಂತ ವೈದ್ಯರ ಬಾಯಿಂದಲೇ ಕೇಳಬೇಕು ಅವರಿಗೆ.

ದುಃಖದ ಐದು ಹಂತ (ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳೋದು) ಅಂತ ಓದಿಕೊಂಡು ಬರುವವರೂ ಇದ್ದಾರೆ. ಮನೋವೈದ್ಯೆ ಎಲಿಸಬೆತ್ ಕೂಬ್ಲರ್-ರಾಸ್ 1969ರಲ್ಲಿ ಅದನ್ನು ಬರೆದದ್ದು ತಮ್ಮ ಸಾವನ್ನೇ ಎದುರು ನೋಡುತ್ತಿದ್ದ ರೋಗಿಗಳ ಬಗ್ಗೆ. ಹಾಗಾಗಿ ನೀವು ಯಾವ ಹಂತದಲ್ಲಿದ್ದೀರಿ ಅಂತ ನಾವು ಯಾರನ್ನೂ ಕೇಳೋದಿಲ್ಲ.

ಮಕ್ಕಳಿಗೆ ಸತ್ತುಹೋಯಿತು ಅಂತಲೇ ಹೇಳಿ. ಮಲಗಿದೆ ಅಂದರೆ ಮಲಗೋದಕ್ಕೇ ಹೆದರುತ್ತವೆ.

ದನ ಕಳೆದುಕೊಂಡವರಿಗೆ ದೀಪಾವಳಿ ಕಷ್ಟ. ಗೋಪೂಜೆಗೆ ಊರೆಲ್ಲ ಅಡಿಕೆ ಮಾಲೆ ಕಟ್ಟುವಾಗ ಇವರ ಕೊಟ್ಟಿಗೆ ಖಾಲಿ. ಅದಕ್ಕೇ ಆ ತಿಂಗಳ ಸಭೆಯನ್ನು ಹಬ್ಬಕ್ಕೆ ಮುಂಚೆಯೇ ಇಟ್ಟುಕೊಳ್ಳುತ್ತೇವೆ. ಪೂಜೆಗೆ ಯಾರ ಮನೆಗೆ ಹೋಗೋದು ಅಂತ ಅಲ್ಲೇ ಮಾತಾಡಿಕೊಳ್ಳುತ್ತಾರೆ.

ವಾರಗಟ್ಟಲೆ ಊಟ, ನಿದ್ದೆ ಬಿಟ್ಟವರನ್ನು ಜಗುಲಿಯ ಮಾತಿಗೆ ಬಿಟ್ಟು ಕೂರಬಾರದು. ಅವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದುಕೊಡುತ್ತೇವೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮುಜುಗರ ಪಡುವವರಿದ್ದರೆ ಪಕ್ಕದಲ್ಲಿ ಕೂತು ನಾವೇ ಫೋನ್ ಹಚ್ಚಿಕೊಡುತ್ತೇವೆ.