ತಾಲ್ಮಾಂನ ಗಾಸಿಪ್ ಪುಸ್ತಕ ಓದುವುದು ಹೇಗೆ?

ಮೊದಲ ಪುಟದಿಂದಲೇ ಓದಬೇಕಿಲ್ಲ. ಫ್ರೆಂಚ್ ಬರಹಗಾರ ತಾಲ್ಮಾಂ ದೆ ರೆಯೋ 1657ರ ಹೊತ್ತಿಗೆ ಬರೆಯತೊಡಗಿದ ‘ಇಸ್ತೋರಿಯೆತ್’ ಅಂದರೆ ಒಬ್ಬೊಬ್ಬರ ಬಗ್ಗೆ ಪುಟ್ಟ ಪುಟ್ಟ ಬರಹಗಳು. ಹೆಸರು ಕೇಳಿರುವವರನ್ನು ಮೊದಲು ಹಿಡಿಯಿರಿ: ಫ್ರಾನ್ಸಿನ ದೊರೆ ನಾಲ್ಕನೇ ಹೆನ್ರಿ, ಮಂತ್ರಿ ಕಾರ್ಡಿನಲ್ ರಿಶೆಲ್ಯೂ, ಕವಿ ಮಾಲೆರ್ಬ್. ಆಮೇಲೆ ಪ್ಯಾರಿಸ್ಸಿನ ತನ್ನ ಮನೆಯಲ್ಲಿ ಸಾಹಿತಿಗಳನ್ನು ಸೇರಿಸುತ್ತಿದ್ದ ಮಾದಾಮ್ ದೆ ರಾಂಬುಯೆ ಹತ್ತಿರ ಬನ್ನಿ, ಯಾಕಂದ್ರೆ ಹಳೇ ಅರಮನೆಯ ಎಷ್ಟೋ ಸುದ್ದಿ ಅವನಿಗೆ ಸಿಕ್ಕಿದ್ದು ಆಕೆಯ ಬಾಯಿಂದ.

ಪ್ರತಿ ಕತೆಗೂ ಒಂದೇ ಪ್ರಶ್ನೆ ಹಾಕಿ. ಇದನ್ನು ಅವನು ಕಂಡನಾ, ಕೇಳಿದನಾ? ಹೆನ್ರಿ ಕೊಲೆಯಾದದ್ದು 1610ರಲ್ಲಿ, ಇವನು ಹುಟ್ಟಿದ್ದು 1619ರಲ್ಲಿ, ಅಂದಮೇಲೆ ಅದೆಲ್ಲ ಕೇಳಿದ್ದೇ ಅಲ್ವಾ! ಹಾಗಂತ ಸುಮ್ನೆ ಹರಟೆ ಅಂತ ತಳ್ಳಬೇಡಿ. ಬ್ಯಾಂಕರ್ ಮನೆತನದವನು, ದೊಡ್ಡವರ ಒಡನಾಟ ಇದ್ದವನು. ಪುಸ್ತಕ ಅಚ್ಚಾಗಲು ಶುರುವಾದದ್ದೇ 1834ರಲ್ಲಿ, ಹಾಗಾಗಿ ಬರಹದಲ್ಲಿ ಮುಲಾಜು ಕಡಿಮೆ.

ಟಿಪ್ಪಣಿ ಇರುವ ಆವೃತ್ತಿಯನ್ನೇ ಕೊಳ್ಳಿ, ಇಲ್ಲದಿದ್ದರೆ ಹೆಸರುಗಳ ಜಾತ್ರೆಯಲ್ಲಿ ಕಳೆದುಹೋಗುತ್ತೀರಿ.