ತಕ್ಕಡಿ ಹಿಡಿದು ಹವಾನಾ ಸಿಗಾರ್ ಆರಿಸಿದ್ದು

ಮೂರು ಪೆಟ್ಟಿಗೆ ಪಾರ್ತಗಾಸ್ ಸೀರಿ ಡಿ ನಂಬರ್ 4, ಕ್ಯೂಬಾದ ಸಿಗಾರ್. ಒಟ್ಟು 75 ಸಿಗಾರ್. ಎರಡು ವರ್ಷದಲ್ಲಿ ಸೇದಿದ್ದು 60ರ ಆಸುಪಾಸು. ಎಳೆದರೆ ಹೊಗೆ ಬಾರದಂತೆ ಕಟ್ಟಿಕೊಂಡದ್ದು ಮೂರೇ ಮೂರು. ಕ್ಯೂಬಾದ ಸಿಗಾರ್ ಕೊಂಡವರಿಗೆ ಈ ಲೆಕ್ಕದ ಬೆಲೆ ಗೊತ್ತು. ಸಿಗಾರ್ ತೂಗಿ ಆರಿಸಲೆಂದು ದುಬೈಯ ಅಂಗಡಿಗೆ ನಾನು ಮೊದಲ ಸಲ ಅಕ್ಕಸಾಲಿಗರ ಪುಟ್ಟ ತಕ್ಕಡಿ ಒಯ್ದಾಗ ಮಂಗಳೂರಿನ ಗೆಳೆಯ, "ಇದೇನು ಮಾರಾಯ, ಚಿನ್ನ ಕೊಳ್ಳಲಿಕ್ಕೆ ಬಂದಿದ್ದೀಯಾ?" ಎಂದು ಎಲ್ಲರೆದುರು ನಕ್ಕಿದ್ದ. ಕಳೆದ ತಿಂಗಳು ಅವನೇ ಫೋನ್ ಮಾಡಿ ಆ ತಕ್ಕಡಿ ಎಲ್ಲಿ ಸಿಗುತ್ತದೆ ಎಂದು ಕೇಳಿದ. ಅದಕ್ಕೇ ಇದನ್ನು ಬರೆಯಲು ಕುಳಿತೆ.

ನಾನು ಹುಣಸೂರಿನ ಕಡೆಯವನು. ಹೊಗೆಸೊಪ್ಪು ಬೆಳೆದೇ ಅಪ್ಪ ನನ್ನನ್ನು ಓದಿಸಿದರು. ನಮ್ಮದು ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪು ಬೇಯಿಸುವ ಮನೆಯಲ್ಲಿ, ಬೆಂಕಿಯ ಕಾವಿಗೆ ಬೇಯುವ ವರ್ಜೀನಿಯಾ, ಸಿಗರೇಟಿನ ಸೊಪ್ಪು. ಕ್ಯೂಬಾದ ಪಿನಾರ್ ದೆಲ್ ರಿಯೊ ಸೀಮೆಯಲ್ಲಿ ಗಾಳಿಗೆ ಒಣಗಿಸಿ, ರಾಶಿ ಹಾಕಿ ಹುದುಗಿಸುವ ಸೊಪ್ಪಿನ ಗುಣವೇ ಬೇರೆ. ಆದರೆ ಹದ ಎಂಬುದು ಎರಡಕ್ಕೂ ಒಂದೇ. ಬೆಂದ ಸೊಪ್ಪನ್ನು ಇಳಿಸುವ ಮುಂಚೆ ಅಪ್ಪ ರಾತ್ರಿಯೆಲ್ಲ ಬ್ಯಾರನ್ ಬಾಗಿಲು ತೆರೆದಿಟ್ಟು ಕಾಯುತ್ತಿದ್ದರು. ಬೆಳಗಿನ ಜಾವ ಎಲೆಯ ಅಂಚನ್ನು ಹೆಬ್ಬೆರಳು, ತೋರುಬೆರಳ ನಡುವೆ ಮಡಿಸಿ ನೋಡುತ್ತಿದ್ದರು. ಸದ್ದು ಮಾಡಿದರೆ ಇನ್ನೂ ಒಣ. ಬೆರಳಿಗೆ ಅಂಟಿದರೆ ಮಿತಿ ಮೀರಿತು. ಸಿಗಾರಿನಲ್ಲಿ ಕಲಿಯಬೇಕಾಗಿದ್ದದ್ದೂ ಅದನ್ನೇ. ಅದು ತಲೆಗೆ ಹೋಗುವ ಮುಂಚೆ ಹಣ ಕಳೆದೆ.

ಮೊದಲ ಪೆಟ್ಟು ಬಿದ್ದದ್ದು ಹವಾನಾದಲ್ಲೇ, 2015ರಲ್ಲಿ. ಸಂಸತ್ತಿನ ಕಟ್ಟಡ ಕ್ಯಾಪಿಟೋಲಿಯೊದ ಹಿಂದೆ, ಹಳೆಯ ಪಾರ್ತಗಾಸ್ ಕಾರ್ಖಾನೆಯ ಕಟ್ಟಡದ ಹತ್ತಿರ ಒಬ್ಬ ಮಾತಿಗಿಳಿದ. ತಂಗಿ ಕಾರ್ಖಾನೆಯಲ್ಲಿದ್ದಾಳೆ, ಇಂದು ಸಹಕಾರ ಸಂಘದ ಮಾರಾಟದ ದಿನ ಎಂದ. ಮೂರನೆಯ ಮಹಡಿಯ ಮಬ್ಬು ಕೋಣೆಯಲ್ಲಿ 120 ಡಾಲರಿಗೆ ಕೊಹಿಬಾ ಎಸ್ಪ್ಲೆಂದಿದೋಸ್, 25ರ ಪೆಟ್ಟಿಗೆ. ಅಂಗಡಿಯಲ್ಲಿ ಆಗ ಅದರ ನಾಲ್ಕು ಪಟ್ಟು. ಹಸಿರು ಮುದ್ರೆ, ಮೂಲೆಯ ಹಬಾನೋಸ್ ಪಟ್ಟಿ ಎಲ್ಲವೂ ಇದ್ದವು. ಹೋಟೆಲಿನ ಕಿಟಕಿಯ ಬೆಳಕಿಗೆ ಹಿಡಿದಾಗ ಬಣ್ಣಗಳು ಒಂದಕ್ಕೊಂದು ಕೂಡಲಿಲ್ಲ. ಅಸಲಿ ಪೆಟ್ಟಿಗೆಯಲ್ಲಿ ಎಡಕ್ಕೆ ಗಾಢ, ಬಲಕ್ಕೆ ಸರಿದಂತೆ ತಿಳಿ. ಹಾಗೆ ವಿಂಗಡಿಸಿ ಜೋಡಿಸಲೆಂದೇ ಕಾರ್ಖಾನೆಯಲ್ಲಿ ಜನರಿದ್ದಾರೆ. ಇಲ್ಲಿ ಕೈಗೆ ಬಂದಂತೆ ತುಂಬಿದ್ದರು. ತುದಿಯ ಟೋಪಿಯಲ್ಲಿ ಮೂರು ಸುತ್ತಿನ ಗೆರೆಯೂ ಇರಲಿಲ್ಲ. ಬ್ಲೇಡಿನಿಂದ ಒಂದನ್ನು ಉದ್ದಕ್ಕೆ ಸೀಳಿದೆ. ಒಳಗೆ ಉದ್ದೆಲೆಯ ಸುಳಿವಿಲ್ಲ, ಚಹಾಪುಡಿಯಂತಹ ಚೂರು, ನಡುವೆ ಪೆನ್ಸಿಲಿನಷ್ಟು ದಪ್ಪದ ದಂಟು. ನಮ್ಮೂರಿನಲ್ಲಿ ಅಂತಹ ಸೊಪ್ಪನ್ನು ಹರಾಜುಕಟ್ಟೆಯ ಹತ್ತಿರಕ್ಕೂ ಒಯ್ಯುವುದಿಲ್ಲ.

ಎರಡನೆಯ ನಷ್ಟ ನನ್ನ ಕೈಯಿಂದಲೇ ಆದದ್ದು. ದುಬೈಯಲ್ಲಿ ಒಳ್ಳೆಯ ಅಂಗಡಿಯಿಂದ ಮೊಂತೆಕ್ರಿಸ್ತೊ ನಂಬರ್ 4 ತಂದೆ, ಸುಮಾರು 1,100 ದಿರ್ಹಂ. ಅದರಲ್ಲಿ ಏಳು ಸಿಗಾರ್ ಹೊಗೆಯನ್ನೇ ಬಿಡಲಿಲ್ಲ. ಕಾರ್ಖಾನೆಯವರನ್ನು ಬೈದುಕೊಂಡು ಮೂರು ತಿಂಗಳು ಕಳೆದೆ. ಒಂದು ದಿನ ಬೇಸರಕ್ಕೆ, ಸಿಗಾರ್ ಇಡುವ ಪೆಟ್ಟಿಗೆಯ ತೇವ ಅಳೆಯುವ ಹೈಗ್ರೋಮೀಟರನ್ನು ಒದ್ದೆ ಉಪ್ಪಿನ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟೆ. ಮರುದಿನ ಶೇಕಡ 75 ತೋರಿಸಬೇಕಾದದ್ದು 68 ತೋರಿಸುತ್ತಿತ್ತು. ಅಂದರೆ 65 ಎಂದುಕೊಂಡು ನಾನು ಇಟ್ಟಿದ್ದದ್ದು 72ರಲ್ಲಿ! ಎಲೆಗಳು ನೀರು ಕುಡಿದು ಊದಿ ದಾರಿ ಮುಚ್ಚಿದ್ದವು. ಅಪ್ಪ ಬೆರಳಿನಲ್ಲಿ ಹಿಡಿಯುತ್ತಿದ್ದ ತಪ್ಪನ್ನು ನಾನು ಯಂತ್ರವನ್ನು ನಂಬಿ ಮಾಡಿದ್ದೆ. ಅಂದಿನಿಂದ 62ಕ್ಕೆ ಇಳಿಸಿದ್ದೇನೆ. 70 ಬೇಕೇ ಬೇಕು ಎನ್ನುವವರೊಡನೆ ಈಗ ವಾದಿಸುವುದಿಲ್ಲ, ನನ್ನದೊಂದನ್ನು ಹಚ್ಚಿಕೊಡುತ್ತೇನೆ.

ಈಗ ಕೊಳ್ಳುವ ರೀತಿ ಹೇಳುತ್ತೇನೆ. ಮೊದಲು ಪೆಟ್ಟಿಗೆಯನ್ನು ಬೋರಲು ಹಾಕಿ ತಿಂಗಳು, ವರ್ಷ ನೋಡುತ್ತೇನೆ. ಸ್ಪ್ಯಾನಿಷಿನಲ್ಲಿ 'ಎನೆ 21' ಎಂದಿದ್ದರೆ 2021ರ ಜನವರಿ. ಎರಡು ವರ್ಷ ತುಂಬದ ಪೆಟ್ಟಿಗೆಯನ್ನು ತೆರೆಸುವುದೂ ಇಲ್ಲ. ಮುಚ್ಚಳ ಎತ್ತಿದ ಕೂಡಲೇ ಮೂಗು ಹಾಕುತ್ತೇನೆ. ಕೊಟ್ಟಿಗೆಯ ವಾಸನೆ, ಒಣಹುಲ್ಲು, ಸಗಣಿಯ ಬೆಚ್ಚನೆಯ ಗಂಧ ಬಂದರೆ ಒಳ್ಳೆಯದು. ಗಂಜಲದ ಘಾಟು ಬಂದರೆ ಸೊಪ್ಪು ಇನ್ನೂ ಪಕ್ವವಾಗಿಲ್ಲ, ಬೆಲೆ ಎಷ್ಟೇ ಇಳಿಸಲಿ ಬೇಡ. ದನ ಕಟ್ಟಿದ ಮನೆಯವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ತಕ್ಕಡಿ. ಹತ್ತಿಯ ಕೈಗವಸು ಹಾಕಿಕೊಂಡು 25ನ್ನೂ ಒಂದೊಂದಾಗಿ ತೂಗುತ್ತೇನೆ. ಮೊದಲ ಸಲ ಅಂಗಡಿಯವರು ಒಪ್ಪಲಿಲ್ಲ. ಮುಂಗಡ ಹಣ ಮೇಜಿನ ಮೇಲಿಟ್ಟ ಮೇಲೆ ಒಪ್ಪಿದರು. ಸೀರಿ ಡಿ ನಂಬರ್ 4ರಂತಹ, 124 ಮಿಲಿಮೀಟರ್ ಉದ್ದ, 50 ಗೇಜ್ ದಪ್ಪದ ರೊಬುಸ್ತೊ ಗಾತ್ರದ ಸಿಗಾರ್ ಹನ್ನೊಂದೂವರೆ, ಹನ್ನೆರಡು ಗ್ರಾಂ ತೂಗುತ್ತದೆ. ಆದರೆ ಬರಿಯ ಅಂಕಿಯನ್ನು ನಂಬಬೇಡಿ, ಅಂಗಡಿಯ ತೇವಕ್ಕೆ ತಕ್ಕಂತೆ ಅದು ಏರಿಳಿಯುತ್ತದೆ. ಅದೇ ಪೆಟ್ಟಿಗೆಯ ನಡುತೂಕ ಹಿಡಿದು, ಅದಕ್ಕಿಂತ ಒಂದೂಕಾಲು ಗ್ರಾಂ ಹೆಚ್ಚಿದ್ದದ್ದು ಕಟ್ಟಿಕೊಳ್ಳುತ್ತದೆ, ಅಷ್ಟೇ ಕಡಿಮೆ ಇದ್ದದ್ದು ಸುಡುಸುಡು ಉರಿದು ನಾಲಿಗೆ ಕಚ್ಚುತ್ತದೆ. ಅಂತಹವು ಮೂರಕ್ಕಿಂತ ಹೆಚ್ಚು ಸಿಕ್ಕರೆ ಪೆಟ್ಟಿಗೆ ಮರಳಿಸುತ್ತೇನೆ. ಮೂರು ಪೆಟ್ಟಿಗೆ ಆರಿಸಲು ಹದಿನಾಲ್ಕೋ ಹದಿನೈದೋ ತೆರೆಸಿದ್ದೇನೆ. ತೂಗಿದ ಮೇಲೆ ಬುಡದ ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ನೋಡುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಪೆಟ್ಟಿಗೆಯ ಮೇಲೆ ಒತ್ತಿದ ಯಾವ ಕಾರ್ಖಾನೆಯ ಸಂಕೇತಕ್ಕೆ ಕಾಯುತ್ತೇನೆ ಎಂಬುದನ್ನೂ ಬರೆಯುವುದಿಲ್ಲ. ನಾಳೆ ನೀವೆಲ್ಲ ನನಗಿಂತ ಮುಂಚೆ ಅಂಗಡಿ ತಲುಪಿದರೆ ನನಗೇನು ಉಳಿಯುತ್ತದೆ?

ನಡುವೆ ಒಂದು ಪ್ರಯೋಗ ಮಾಡಿದೆ. ಮೈಸೂರಿನಿಂದ ತಂದಿದ್ದ ಶ್ರೀಗಂಧದ ಪೆಟ್ಟಿಗೆ ಮನೆಯಲ್ಲಿ ಸುಮ್ಮನೆ ಬಿದ್ದಿತ್ತು. ಸಿಗಾರ್ ಇಡಲು ಎಲ್ಲರೂ ಬಳಸುವ ಸೀಡರ್ ಮರದ ಬದಲು ಗಂಧದ ಮರವೇಕಾಗಬಾರದು ಎಂದು ಎಚ್. ಉಪ್‌ಮನ್ ಹಾಫ್ ಕರೋನಾ ಎಂಬ ಐದು ಪುಟ್ಟ ಸಿಗಾರ್‌ಗಳನ್ನು ಆರು ವಾರ ಅದರಲ್ಲಿಟ್ಟೆ. ಹಚ್ಚಿದರೆ ದೇವರಮನೆಯ ಊದಿನಕಡ್ಡಿ. ಸೊಪ್ಪಿನ ರುಚಿ ಪೂರ್ತಿ ಮುಳುಗಿಹೋಗಿತ್ತು. ಐದನ್ನೂ ಎಸೆದೆ. ಗಂಧ ತಾನೇ ದೊಡ್ಡದು, ಇನ್ನೊಂದನ್ನು ಬೆಳಗಲು ಬಿಡುವುದಿಲ್ಲ.

ಹಣದ ಮಾತು. 2022ರಲ್ಲಿ ಕೊಹಿಬಾ, ತ್ರಿನಿದಾದ್ ಬ್ರ್ಯಾಂಡ್‌ಗಳ ಬೆಲೆಗಳನ್ನು ಜಗತ್ತಿನಾದ್ಯಂತ ಒಂದೇ ಮಟ್ಟಕ್ಕೆ ಏರಿಸಿದ ಮೇಲೆ ನಾನು ಆ ಕಡೆ ತಿರುಗಿ ನೋಡಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಇಯಾನ್ ಚಂಡಮಾರುತ ಪಿನಾರ್ ದೆಲ್ ರಿಯೊದ ಒಣಗಿಸುವ ಮನೆಗಳನ್ನು ನೆಲಕ್ಕೆ ಕೆಡವಿತು. ಬ್ಯಾರನ್ ಸುಟ್ಟುಹೋದ ರೈತನ ಮುಖವನ್ನು ನಾನು ಹತ್ತಿರದಿಂದ ನೋಡಿದ್ದೇನೆ; ಆ ಚಿತ್ರಗಳನ್ನು ಕಂಡು ಎರಡು ದಿನ ಮನಸ್ಸು ಸರಿಯಿರಲಿಲ್ಲ. ನನ್ನ ಮೂರು ಪೆಟ್ಟಿಗೆಗೂ ಸೇರಿ ಐದೂವರೆ ಸಾವಿರ ದಿರ್ಹಂ ಆಗಿರಬಹುದು. ಕೆಟ್ಟದ್ದನ್ನು ಕಳೆದು ಲೆಕ್ಕ ಹಾಕಿದರೆ, ಹಿಂದೆ ಅಗ್ಗವೆಂದು ಕೊಂಡದ್ದಕ್ಕಿಂತ ಇದೇ ಅಗ್ಗ. ಊರಿಗೆ ಒಯ್ಯುವವರು ನೆನಪಿಡಿ, ಸುಂಕವಿಲ್ಲದೆ ಬಿಡುವುದು 25 ಸಿಗಾರ್, ಅಂದರೆ ಸರಿಯಾಗಿ ಒಂದು ಪೆಟ್ಟಿಗೆ.

ಕೊನೆಯ ಪೆಟ್ಟಿಗೆಯಲ್ಲಿ ಎರಡು ಭಾರದವು ಬಂದಿದ್ದವು, 13.6 ಗ್ರಾಂ. ಹೊಗೆಯ ದಾರಿ ಬಿಡಿಸಲು ಕಡ್ಡಿ ಚುಚ್ಚದೆ 60ರ ತೇವದಲ್ಲಿ ಬೇರೆ ಇಟ್ಟಿದ್ದೇನೆ. ಹೀಗಿಟ್ಟವುಗಳಲ್ಲಿ ಅರ್ಧದಷ್ಟು ಬಿಡಿಸಿಕೊಳ್ಳುತ್ತವೆ. ನಿನ್ನೆ ತೂಗಿದಾಗ ಒಂದು 13.3ಕ್ಕೆ ಇಳಿದಿತ್ತು. ಇನ್ನೊಂದು ಕದಲಿಲ್ಲ.