ಅಜ್ಜಿಯ ಬೆಳ್ಳಿ ಲೋಟ ನಾನೇ ತೊಳೆದೆ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಅಜ್ಜಿಯ ಎರಡು ಬೆಳ್ಳಿ ಲೋಟಗಳಿವೆ. ಒಂದೊಂದೂ ಹತ್ತು ರೂಪಾಯಿ ತೂಕ ಎನ್ನುತ್ತಿದ್ದರು ಅಜ್ಜಿ. ಅದು ಬೆಲೆಯಲ್ಲ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ ಇತ್ತು. ಹಾಗಾಗಿ ರೂಪಾಯಿಯೇ ತೂಕದ ಲೆಕ್ಕ.

ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಎರಡೂ ಕಪ್ಪಾಗಿದ್ದವು. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಗೆ ತಾಗಿ ಕಪ್ಪು ಪದರ ಕಟ್ಟುತ್ತದೆ. ತೇವ ಇದ್ದರೆ ಇನ್ನೂ ಬೇಗ. ನಮ್ಮಲ್ಲಿ ತೇವಕ್ಕೇನು ಬರ, ಅಲ್ವಾ?

ಮೊದಲನೆಯದನ್ನು ಪೇಟೆಯ ಒಂದು ಅಂಗಡಿಗೆ ಪಾಲಿಶ್‌ಗೆ ಕೊಟ್ಟೆ. ಕನ್ನಡಿ ಹಾಗೆ ಹೊಳೆಯುತ್ತಾ ಬಂತು. ಆದರೆ ಅಂಚಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಹೊಡೆದಿದ್ದ ಅಜ್ಜಿಯ ಹೆಸರು ಮೆಷಿನ್‌ಗೆ ಸಿಕ್ಕಿ ಅಳಿಸಿಹೋಗಿತ್ತು. ಅಡುಗೆಮನೆ ತಕ್ಕಡಿಯಲ್ಲಿಟ್ಟರೆ ಇನ್ನೊಂದಕ್ಕಿಂತ 3 ಗ್ರಾಂ ಕಮ್ಮಿ. ಅವತ್ತು ಊಟ ಸೇರಲಿಲ್ಲ.

ಎರಡನೆಯದನ್ನು ನಾನೇ ತೊಳೆಯೋಣ ಎಂದುಕೊಂಡೆ. ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ, ಕುದಿನೀರಿನ ಉಪಾಯವನ್ನು ಮೊದಲು ಒಂದು ಚಮಚದ ಮೇಲೆ ನೋಡಿದೆ. ಕೊಳೆತ ಮೊಟ್ಟೆಯ ವಾಸನೆ ಬಂತು, ಕಪ್ಪು ಹೋಯಿತು. ಬೆಳ್ಳಿ ಸವೆಯುವುದಿಲ್ಲ, ನಿಜ. ಆದರೆ ಕೆತ್ತನೆಯ ಸಂದಿನ ಕಪ್ಪೂ ಹೋಗಿ ಬಳ್ಳಿ, ಹೂವು ಎಲ್ಲಾ ಸಪ್ಪೆಯಾಯಿತು. ಲೋಟಕ್ಕೆ ಅದು ಬೇಡ ಅನ್ನಿಸಿತು.

ಅಂಟುವಾಳಕಾಯಿ ನೆನೆಸಿದ ನೀರಿನಲ್ಲಿ ಜಿಡ್ಡು ತೊಳೆದೆ. ಸೀಮೆಸುಣ್ಣ ಪುಡಿ ಮಾಡಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ನೀರಲ್ಲಿ ಕಲಸಿದೆ. ಹಳೇ ಪಂಚೆಯ ತುಂಡಿನಿಂದ ಮೆಲ್ಲಗೆ, ಒಂದೇ ದಿಕ್ಕಿಗೆ ಒರೆಸಿದೆ. ದೊಡ್ಡಮ್ಮ ಪಕ್ಕದಲ್ಲೇ ಕೂತಿದ್ದರು. "ಉಜ್ಜಿ ಉಜ್ಜಿ ಸವೆಸ್ಬೇಡ ಮಾರಾಯ್ತಿ, ಮೇಲಿನ ಕಪ್ಪು ಹೋದ್ರೆ ಸಾಕು" ಎಂದರು. ಅರ್ಧ ಗಂಟೆಯಾದ ಮೇಲೆ ಅಜ್ಜಿಯ ಹೆಸರಿನ "ಲ" ಅಕ್ಷರದ ಚುಕ್ಕಿಗಳು ಒಂದೊಂದಾಗಿ ಎದ್ದು ಬಂದವು. ಚುಕ್ಕಿಯೊಳಗೆ ಕಪ್ಪು, ಸುತ್ತ ಬಿಳಿ. ದೊಡ್ಡಮ್ಮ ಕನ್ನಡಕ ಹಾಕದೆ ಬೆರಳಲ್ಲೇ ಮುಟ್ಟಿ ಓದಿದರು.

ಟೂತ್‌ಪೇಸ್ಟ್ ಮಾತ್ರ ಹಚ್ಚಬೇಡಿ, ಗೀರು ಬೀಳುತ್ತದೆ. ಎತ್ತಿಡುವಾಗ ರಬ್ಬರ್ ಬ್ಯಾಂಡ್ ಕೂಡ ಬೇಡ, ಅದರಲ್ಲೂ ಗಂಧಕ ಇರುತ್ತದೆ.

ನಾನಂತೂ ಈಗ ಎತ್ತಿಡುವುದನ್ನೇ ಬಿಟ್ಟಿದ್ದೇನೆ. ದಿನಾ ನೀರು ಕುಡಿದು, ತೊಳೆದು, ಒರೆಸಿಟ್ಟರೆ ಕಪ್ಪು ಕೂರುವುದಿಲ್ಲ. ಉಪ್ಪು ಹಾಕಿದ ಮಜ್ಜಿಗೆ ಹಾಕುವುದಿಲ್ಲ, ಬೆಳ್ಳಿಗೆ ಉಪ್ಪು ಆಗಿಬರುವುದಿಲ್ಲ. ಕಷಾಯವನ್ನೂ ಸ್ವಲ್ಪ ಆರಿಸಿಯೇ ಹಾಕಬೇಕು, ಇಲ್ಲದಿದ್ದರೆ ಲೋಟದ ಅಂಚು ತುಟಿ ಸುಡುತ್ತದೆ.